ಎಡಗಡೆಯ ಮುಂದಿನ ಟೈರ್ ಒಂದೇ ಯಾಕೆ ಬೋಳಾಗುತ್ತಿದೆ?

ಓದುಗರ ಪ್ರಶ್ನೆ:

"ನನ್ನ ಊರು ಶಿರಸಿ ಹತ್ತಿರ. ಐದು ವರ್ಷ ಹಳೆಯ ಪಿಕಪ್ ಇದೆ. ವಾರಕ್ಕೆ ಮೂರು ನಾಲ್ಕು ಸಲ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಕಡೆ ಬಾಳೆಗೊನೆ, ತರಕಾರಿ ಒಯ್ಯುತ್ತೇನೆ. ಬರುವಾಗ ಕೆಲವು ಸಲ ಮೀನಿನ ಕ್ರೇಟು, ಕೆಲವು ಸಲ ಖಾಲಿ. ಮುಂದೆ ಎರಡೂ ಹೊಸ ಟೈರ್ ಹಾಕಿ 14,000 ಕಿಲೋಮೀಟರ್ ಆಗಿದೆ ಅಷ್ಟೇ. ಎಡಗಡೆ ಟೈರಿನ ಹೊರ ಅಂಚು ಪೂರ್ತಿ ನುಣ್ಣಗಾಗಿದೆ, ಒಳಗಡೆ ಬಟನ್ ಇನ್ನೂ ಚೆನ್ನಾಗಿದೆ. ಬಲಗಡೆ ಟೈರಿಗೆ ಏನೂ ಆಗಿಲ್ಲ. ಹಿಂದಿನ ಬಲ ಟೈರಿನಲ್ಲಿ ಮಾತ್ರ ಅಲ್ಲಲ್ಲಿ ಗುಳಿ ಬಿದ್ದಿದೆ. ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಕಳೆದ ಮಳೆಗಾಲದಲ್ಲಿ ಎಡ ಚಕ್ರ ಮೋರಿಗೆ ಬಿದ್ದು ಲೋಯರ್ ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ತೋಳು) ಬದಲಿಸಿದ್ದೆ. ಆಮೇಲೆ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹೀಗೇ. ಮೆಕ್ಯಾನಿಕ್ 'ಘಟ್ಟದ ರೋಡ್ ಅಲ್ವಾ, ಸವೆಯೋದೇ' ಅಂತಾರೆ. ಟೈರ್ ಅಂಗಡಿಯವರು ಮಾಲೇ ಸರಿ ಇಲ್ಲ ಅಂತಾರೆ. ಭಾವ 'ಗಾಳಿ ಜಾಸ್ತಿ ಹೊಡೆಸು' ಅಂತಾನೆ. ಈ ಮಳೆಗಾಲ ಒಂದು ಇದೇ ಟೈರಿನಲ್ಲಿ ಕಳೆಯಬಹುದಾ? ಹೊಸದು ಹಾಕಿದರೆ ಅದೂ ಹೀಗೇ ಹಾಳಾದರೆ ಏನು ಮಾಡಲಿ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಗಾಡಿಯಲ್ಲಿ ಇರುವುದು ಒಂದು ತೊಂದರೆ ಅಲ್ಲ, ಎರಡು. ಮುಂದಿನ ಎಡ ಟೈರಿನ ಕಾರಣ ಬೇರೆ, ಹಿಂದಿನ ಬಲ ಟೈರಿನ ಕಾರಣ ಬೇರೆ. ಎರಡನ್ನೂ ಒಂದೇ ಗಂಟು ಮಾಡಿ ನೋಡಿದ್ದಕ್ಕೇ ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ.

ಮೊದಲು ನಿಮ್ಮ ಮಳೆಗಾಲದ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಜೀವದ ವಿಷಯ. ಈ ಎಡ ಟೈರಿನಲ್ಲಿ ಮಳೆಗಾಲ ಕಳೆಯಬೇಡಿ. ಟೈರಿನ ಬಟನ್‌ಗಳ ನಡುವಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ಉಬ್ಬು ಇರುತ್ತದೆ. ಅದರ ಎತ್ತರ 1.6 ಮಿಲಿಮೀಟರ್. ಬಟನ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತು ಅಂದರೆ ಟೈರಿನ ಕೆಲಸ ಮುಗಿಯಿತು. "ಒಳಗಡೆ ಇನ್ನೂ ಬಟನ್ ಇದೆಯಲ್ಲ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೇವಿಮನೆಯ ತಿರುವಿನಲ್ಲಿ ಬಲಕ್ಕೆ ತಿರುಗಿಸಿದಾಗ ಗಾಡಿಯ ಭಾರ ಬೀಳುವುದು ಎಡ ಟೈರಿನ ಹೊರ ಅಂಚಿನ ಮೇಲೆ. ನಿಮ್ಮ ಟೈರಿನಲ್ಲಿ ಅದೇ ಜಾಗ ಬೋಳು. ಮಳೆ ನೀರು, ಕೆಂಪು ರಾಡಿ, ಮೇಲಿಂದ ಬಿದ್ದ ಎಲೆ ಎಲ್ಲ ಸೇರಿದ ರಸ್ತೆಯಲ್ಲಿ ನೀರು ಹೊರಗೆ ತಳ್ಳುವುದಕ್ಕೆ ಅಲ್ಲಿ ಏನೂ ಇಲ್ಲ. ಈಗಲೇ ಬಗ್ಗಿ ಆ ಅಂಚನ್ನು ಟಾರ್ಚ್ ಹಾಕಿ ನೋಡಿ. ನೂಲು ಅಥವಾ ತಂತಿ ಒಂದು ಎಳೆ ಕಂಡರೂ ಸ್ಟೆಪ್ನಿ ಹಾಕಿಕೊಂಡೇ ಗಾಡಿ ತೆಗೆಯಿರಿ.

ಈಗ ಕಾರಣಕ್ಕೆ ಬರೋಣ.

ಘಟ್ಟದ ರಸ್ತೆ ಟೈರ್ ತಿನ್ನುತ್ತದೆ, ಅದು ಸುಳ್ಳಲ್ಲ. ದೇವಿಮನೆ ಇರಲಿ, ಅರಬೈಲ್ ಇರಲಿ, ದಿನವೂ ಹತ್ತಿ ಇಳಿಯುವ ಗಾಡಿಗಳ ಮುಂದಿನ ಟೈರುಗಳ ಹೊರ ಭುಜ ಬಯಲು ಸೀಮೆಯ ಗಾಡಿಗಿಂತ ಬೇಗ ದುಂಡಗಾಗುತ್ತದೆ. ಆದರೆ ಘಟ್ಟದಲ್ಲಿ ಎಡ ತಿರುವೂ ಇದೆ, ಬಲ ತಿರುವೂ ಇದೆ. ಘಟ್ಟವೇ ಕಾರಣ ಆಗಿದ್ದರೆ ಎರಡೂ ಟೈರಿನ ಹೊರ ಅಂಚು ಹೆಚ್ಚು ಕಡಿಮೆ ಒಂದೇ ಸಮ ಸವೆಯಬೇಕಿತ್ತು. ನಿಮ್ಮ ಬಲ ಟೈರಿಗೆ ಏನೂ ಆಗಿಲ್ಲ. ಹಾಗಾಗಿ ತಪ್ಪು ರಸ್ತೆಯದ್ದಲ್ಲ, ಗಾಡಿಯದ್ದು.

ಟೈರ್ ಮಾಲೇ ಸರಿ ಇಲ್ಲ ಅನ್ನುವುದಕ್ಕೂ ಇದೇ ಉತ್ತರ. ಎರಡೂ ಒಂದೇ ದಿನ, ಒಂದೇ ಅಂಗಡಿಯಿಂದ ಬಂದ ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ನೋಡಿ. 2322 ಅಂತ ಇದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಎರಡರಲ್ಲೂ ಅಂಕಿ ಹತ್ತಿರ ಹತ್ತಿರ ಇದ್ದರೆ ಮಾಲಿನ ಮಾತು ಬಿಟ್ಟುಬಿಡಿ. ರಬ್ಬರ್ ಕಳಪೆ ಆಗಿದ್ದರೆ ಟೈರಿನ ಅಗಲಕ್ಕೂ ಸವೆಯುತ್ತಿತ್ತು, ಒಂದೇ ಅಂಚು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಭಾವನವರ ಮಾತಿನಂತೆ ಗಾಳಿ ಜಾಸ್ತಿ ಹೊಡೆಸಿದರೂ ಇದು ಸರಿಯಾಗುವುದಿಲ್ಲ. ಗಾಳಿ ಕಡಿಮೆ ಇದ್ದರೆ ಟೈರಿನ ಎರಡೂ ಅಂಚು ಸವೆಯುತ್ತದೆ, ನಡು ಉಳಿಯುತ್ತದೆ. ಜಾಸ್ತಿ ಇದ್ದರೆ ನಡು ಸವೆಯುತ್ತದೆ, ಅಂಚು ಉಳಿಯುತ್ತದೆ. ಒಂದೇ ಅಂಚು ಹೋಗುವುದು ಗಾಳಿಯ ಲಕ್ಷಣ ಅಲ್ಲ. ಜಾಸ್ತಿ ಹೊಡೆಸಿದರೆ ಮುಂದಿನ ತೊಂದರೆ ಹಾಗೇ ಇರುತ್ತದೆ, ಜೊತೆಗೆ ಹಿಂದಿನ ಟೈರಿಗೆ ಹೊಸದೊಂದು ಸೇರುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಹಾಗಾದರೆ ಎಡ ಟೈರಿಗೆ ಏನಾಗಿದೆ? ನೀವೇ ಮೂರು ಸುಳಿವು ಕೊಟ್ಟಿದ್ದೀರಿ. ಹೊರ ಅಂಚು ಮಾತ್ರ ಸವೆತ. ಸ್ಟೇರಿಂಗ್ ಎಡಕ್ಕೆ ಎಳೆತ. ಮೋರಿಗೆ ಬಿದ್ದು ಲೋಯರ್ ಆರ್ಮ್ ಬದಲಿಸಿದ್ದು. ಮೂರನ್ನೂ ಒಟ್ಟಿಗೆ ಇಟ್ಟರೆ ನನ್ನ ಕಣ್ಣು ಹೋಗುವುದು ಕ್ಯಾಂಬರ್ ಮೇಲೆ.

ಅಲೈನ್‌ಮೆಂಟ್ ಅಂದರೆ ಒಂದೇ ಅಳತೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಮುಖ್ಯವಾಗಿ ಮೂರಿವೆ. ಎರಡೂ ಚಕ್ರ ಮೇಲಿನಿಂದ ನೋಡಿದಾಗ ನೇರ ಇವೆಯಾ, ನಮ್ಮ ಪಾದದ ಹೆಬ್ಬೆರಳು ಒಳಕ್ಕೋ ಹೊರಕ್ಕೋ ತಿರುಗಿದ ಹಾಗೆ ತಿರುಗಿವೆಯಾ ಅನ್ನುವುದು ಟೋ. ಎದುರಿಗೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದೆಯಾ ಹೊರಕ್ಕೆ ವಾಲಿದೆಯಾ ಅನ್ನುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಕೀಲು ಮುಂದಕ್ಕೆ ಹಿಂದಕ್ಕೆ ಎಷ್ಟು ಓರೆ ಇದೆ ಅನ್ನುವುದು ಕ್ಯಾಸ್ಟರ್. ಕ್ಯಾಸ್ಟರ್ ತಪ್ಪಿದರೆ ಗಾಡಿ ಎಳೆಯುತ್ತದೆ, ಆದರೆ ಟೈರ್ ಹೀಗೆ ಸವೆಯುವುದಿಲ್ಲ.

ಟೋ ತಪ್ಪಿದರೆ ಟೈರ್ ಹೋಗುವ ವೇಗ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಚಕ್ರ ಬರೀ ಅರ್ಧ ಡಿಗ್ರಿ ಓರೆ ಇದ್ದರೂ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಅದು ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಅಂದರೆ ಒಂದು ಸಲ ಹೋಗುವಷ್ಟರಲ್ಲಿ ಆ ಟೈರನ್ನು ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಡಾಂಬರಿನ ಮೇಲೆ ಅಡ್ಡ ಎಳೆದ ಹಾಗೆ ಆಯಿತು. ಆದರೆ ಟೋ ತಪ್ಪಿದ್ದರೆ ಸ್ಟೇರಿಂಗ್ ತಾನೇ ಅದನ್ನು ಎರಡೂ ಚಕ್ರಕ್ಕೆ ಹಂಚುತ್ತದೆ. ಆಗ ಸಾಮಾನ್ಯವಾಗಿ ಎರಡೂ ಟೈರು ಸವೆಯುತ್ತವೆ. ನಿಮ್ಮಲ್ಲಿ ಹಾಗಿಲ್ಲ.

ಇದನ್ನು ಕೈಯಿಂದಲೇ ಖಾತ್ರಿ ಮಾಡಿಕೊಳ್ಳಬಹುದು. ಗಾಡಿ ತಣ್ಣಗಿರುವಾಗ ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ ನಿಧಾನ ಸವರಿ. ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನಯವಾಗಿ ಜಾರಿ, ಇನ್ನೊಂದು ಕಡೆಗೆ ಬಟನ್ ಅಂಚು ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ ಅದು ಟೋ. ಒಳಗಿನಿಂದ ಹೊರಕ್ಕೆ ಬರುವಾಗ ಚುಚ್ಚಿದರೆ ಚಕ್ರಗಳು ಜಾಸ್ತಿ ಒಳಮುಖ ಆಗಿವೆ. ಹೊರಗಿನಿಂದ ಒಳಕ್ಕೆ ಹೋಗುವಾಗ ಚುಚ್ಚಿದರೆ ಹೊರಮುಖ. ಎರಡೂ ಕಡೆಗೆ ಒಂದೇ ಥರ ನಯವಾಗಿದ್ದು, ಒಳ ಅಂಚಿನಿಂದ ಹೊರ ಅಂಚಿಗೆ ಮನೆ ಮಾಡಿನ ಹಾಗೆ ಇಳಿಜಾರು ಸಿಕ್ಕರೆ ಅದು ಕ್ಯಾಂಬರ್. ಕೈಗೆ ತಂತಿ ಚುಚ್ಚೀತು, ಮೊದಲು ಕಣ್ಣಿಂದ ನೋಡಿ, ಆಮೇಲೆ ಸವರಿ.

ಚಕ್ರದ ತಲೆ ಹೊರಕ್ಕೆ ವಾಲಿದರೆ ಟೈರ್ ಹೊರ ಅಂಚಿನ ಮೇಲೆ ನಿಂತು ಓಡುತ್ತದೆ. ಓರೆ ಮಾಡಿದ ಲೋಟ ನೆಲದ ಮೇಲೆ ಉರುಳಿದ ಹಾಗೆ ತನ್ನ ವಾಲಿದ ಕಡೆಗೇ ತಿರುಗಲು ನೋಡುತ್ತದೆ. ಎಡ ಚಕ್ರ ಬಲಕ್ಕಿಂತ ಜಾಸ್ತಿ ಹೊರಕ್ಕೆ ವಾಲಿದ್ದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಸವೆತ, ಎಳೆತ ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ, ನೋಡಿ. ಒಂದು ಎಚ್ಚರಿಕೆ: ನಮ್ಮ ರಸ್ತೆಗಳು ಮಳೆ ನೀರು ಹರಿಯಲು ಎಡಕ್ಕೆ ಸ್ವಲ್ಪ ಇಳಿಜಾರು ಇರುತ್ತವೆ, ಅದಕ್ಕೇ ಒಳ್ಳೆಯ ಗಾಡಿಯೂ ಕೂದಲೆಳೆಯಷ್ಟು ಎಡಕ್ಕೆ ಹೋಗುತ್ತದೆ. ಮಟ್ಟಸವಾದ, ಗಾಡಿ ಓಡಾಟ ಇಲ್ಲದ ಕಡೆ ನೋಡಿಯೇ ಎಳೆತ ತೀರ್ಮಾನ ಮಾಡಿ.

ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಯಾಕೆ ಸರಿಯಾಗಲಿಲ್ಲ? ನನ್ನ ಅನುಭವದಲ್ಲಿ ಇದಕ್ಕೆ ಸಿಗುವ ಸಾಮಾನ್ಯ ಉತ್ತರ, ಅಲ್ಲಿ ಬರೀ ಟೋ ಹೊಂದಿಸಿರುತ್ತಾರೆ. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ತಿರುಗಿಸಿದರೆ ಟೋ ಸರಿಯಾಯಿತು, ಹತ್ತು ನಿಮಿಷದ ಕೆಲಸ. ಲೋಯರ್ ಆರ್ಮ್ ಬಿಚ್ಚಿ ಹೊಸದು ಹಾಕಿದ ಮೇಲೆ ಕ್ಯಾಂಬರ್ ಮೊದಲಿನ ಜಾಗದಲ್ಲೇ ಕೂರುತ್ತದೆ ಅಂತ ಹೇಳಲಾಗದು. ಕೆಲವು ಗಾಡಿಯಲ್ಲಿ ಅದನ್ನು ಓರೆ ಬೋಲ್ಟ್ ತಿರುಗಿಸಿ ಹೊಂದಿಸಬೇಕು, ಕೆಲವದರಲ್ಲಿ ಮೇಲಿನ ಆರ್ಮ್ ಹತ್ತಿರ ತೆಳು ಬಿಲ್ಲೆ ಹಾಕಿ ತೆಗೆದು ಹೊಂದಿಸಬೇಕು. ಮುಂದೆ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸಲಾಕೆ) ಇರುವ ಗಾಡಿಯಾದರೆ ಒಂದು ಬದಿ ಎತ್ತರ ಆದರೂ ಕ್ಯಾಂಬರ್ ಹೊರಕ್ಕೆ ಹೋಗುತ್ತದೆ. ಮಟ್ಟ ನೆಲದಲ್ಲಿ ನಿಲ್ಲಿಸಿ ಎರಡೂ ಕಡೆ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ಅಳೆಯಿರಿ. ಎಡಗಡೆ ಜಾಸ್ತಿ ಬಂದರೆ ಮೆಕ್ಯಾನಿಕ್‌ಗೆ ಹೇಳಿ. ಇನ್ನೊಂದು, ಮೋರಿಗೆ ಬಿದ್ದ ಪೆಟ್ಟಿಗೆ ಆರ್ಮ್ ಒಂದೇ ಬಗ್ಗಿತ್ತಾ? ಚಕ್ರ ಕೂರುವ ಸ್ಟೇರಿಂಗ್ ನಕಲ್ ಅನ್ನುವ ಭಾಗ ಕೂಡ ಬಗ್ಗಿರಬಹುದು. ಕ್ಯಾಂಬರ್ ಎಷ್ಟು ಹೊಂದಿಸಿದರೂ ಲೆಕ್ಕಕ್ಕೆ ಬರದಿದ್ದರೆ ಅದನ್ನೇ ಅನುಮಾನಿಸಬೇಕು. ಬಗ್ಗಿದ ನಕಲ್ ಕಾಯಿಸಿ, ಬಡಿದು ನೇರ ಮಾಡುತ್ತೇವೆ ಅಂದರೆ ದಯವಿಟ್ಟು ಒಪ್ಪಬೇಡಿ. ಘಟ್ಟ ಇಳಿಯುವಾಗ ಅದು ಮುರಿದರೆ ಚಕ್ರವೇ ಕೈಬಿಡುತ್ತದೆ.

ಕೆಲವು ವರ್ಷದ ಹಿಂದೆ ಸಿದ್ದಾಪುರ ಕಡೆಯ ಒಬ್ಬರು ಇದೇ ತೊಂದರೆ ತಂದಿದ್ದರು. ಅಷ್ಟರಲ್ಲಾಗಲೇ ಮೂರು ಟೈರು ಬದಲಿಸಿದ್ದರು. ಬೇರೆ ಕಡೆ ಅಲೈನ್‌ಮೆಂಟ್ ಮಾಡಿಸಿದ ಚೀಟಿ ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಟೋ ಹಸಿರು, ಎಡ ಕ್ಯಾಂಬರ್ ಕೆಂಪು. ಚೀಟಿ ಕೊಟ್ಟವರು ಹೇಳಿರಲಿಲ್ಲ, ತೆಗೆದುಕೊಂಡವರು ಓದಿರಲಿಲ್ಲ. ಆ ಮೂರು ಟೈರಿನ ದುಡ್ಡು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ನಿಮ್ಮ ಹತ್ತಿರ ಆ ಎರಡು ಸಲದ ಚೀಟಿ ಇದ್ದರೆ ಇವತ್ತೇ ಹುಡುಕಿ ನೋಡಿ. ಇಲ್ಲದಿದ್ದರೆ ಕ್ಯಾಂಬರ್, ಕ್ಯಾಸ್ಟರ್, ಟೋ ಮೂರೂ ಅಳೆದು, ಕೆಲಸಕ್ಕೆ ಮೊದಲಿನದ್ದು ಮತ್ತು ನಂತರದ್ದು ಎರಡೂ ಅಂಕಿ ಮುದ್ರಿಸಿ ಕೊಡುವ ಕಡೆಗೇ ಹೋಗಿ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಕೀಲುಗಳಲ್ಲಿ ಆಟ, ಅಂದರೆ ಸಡಿಲ, ಇದ್ದರೆ ಎಂಥ ಅಲೈನ್‌ಮೆಂಟ್ ಮಾಡಿಸಿದರೂ ಮೊದಲ ಗುಂಡಿಯಲ್ಲೇ ಹೋಯಿತು. ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕ್ ಮೇಲೆ ಎತ್ತಿಸಿ, ಕೆಳಗೆ ಸ್ಟ್ಯಾಂಡ್ ಇಡಿಸಿ. ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಟೈರ್ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಕಟಕ್ ಅಂದರೆ ಆರ್ಮ್ ತುದಿಯ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್ ಸಡಿಲ. ಯಾವುದು ಅಂತ ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್. ಬ್ರೇಕ್ ಒತ್ತಿದರೂ ಹಾಗೇ ಇದ್ದರೆ ಬಾಲ್ ಜಾಯಿಂಟ್. ಈಗ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಮಾತ್ರ ಆಟ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ಕಡೆಯದ್ದು.

ಮುಂದೆಯೂ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇರುವ ಪಿಕಪ್‌ಗಳಿವೆ. ಅವುಗಳಲ್ಲಿ ಕ್ಯಾಂಬರ್ ಹೊಂದಿಸುವ ಬೋಲ್ಟೇ ಇರುವುದಿಲ್ಲ, ಕಿಂಗ್ ಪಿನ್ (ಚಕ್ರ ತಿರುಗುವ ಕೀಲಿನ ಗೂಟ) ಸವೆದರೆ ಚಕ್ರದ ತಲೆ ಒಳಕ್ಕೆ ವಾಲಿ ಒಳ ಅಂಚು ಹೋಗುತ್ತದೆ. ನಿಮ್ಮದು ಲೋಯರ್ ಆರ್ಮ್ ಇರುವ ಗಾಡಿ, ಅದು ನಿಮಗೆ ಅನ್ವಯಿಸುವುದಿಲ್ಲ. ಬೇರೆ ಓದುಗರಿಗಾಗಿ ಹೇಳಿದೆ.

ಇನ್ನು ಹಿಂದಿನ ಬಲ ಟೈರಿನ ಗುಳಿಗಳು. ಟೈರ್ ಸುತ್ತ ಅಲ್ಲಲ್ಲಿ ಬೊಗಸೆಯಿಂದ ತೋಡಿದ ಹಾಗೆ ಗುಳಿ ಬಿದ್ದರೆ ಆ ಚಕ್ರ ನೆಲಕ್ಕೆ ಅಂಟಿಕೊಂಡು ಓಡುತ್ತಿಲ್ಲ, ಕುಣಿಯುತ್ತಾ ಓಡುತ್ತಿದೆ ಅಂತ ಅರ್ಥ. ಮೊದಲ ಅನುಮಾನ ಶಾಕಪ್. ಎರಡನೆಯದು ಬ್ಯಾಲೆನ್ಸಿಂಗ್, ಮೂರನೆಯದು ಬೇರಿಂಗ್. ಗುಳಿ ಒಂದೇ ಕಡೆ ಚಪ್ಪಟೆಯಾಗಿದ್ದರೆ ಮಾತ್ರ ಬ್ರೇಕ್ ಹಿಡಿದು ಚಕ್ರ ಜಾರಿದ ಗುರುತು.

ಮೀನು ಸಾಗಿಸುವ ಗಾಡಿಗಳನ್ನು ನೋಡಿ ನೋಡಿ ನನಗೆ ಒಂದು ಅಭ್ಯಾಸ ಆಗಿದೆ. ಮೊದಲು ಕ್ರೇಟಿನ ನೀರು ಎಲ್ಲಿಂದ ಇಳಿಯುತ್ತದೆ ಅಂತ ನೋಡುತ್ತೇನೆ. ಮಂಜುಗಡ್ಡೆ ಕರಗಿದ ಉಪ್ಪುನೀರು ತೊಟ್ಟಿಯ ಒಂದು ಮೂಲೆಗೆ ಹರಿದು, ಅಲ್ಲಿಂದ ತೊಟ್ಟಿಕ್ಕುತ್ತಾ ಹೋಗುತ್ತದೆ. ಆ ಮೂಲೆಯ ಕೆಳಗಿರುವ ಶಾಕಪ್, ಕಮಾನು ಪಟ್ಟಿ, ಯು ಬೋಲ್ಟ್ ಎಲ್ಲ ಬೇರೆ ಮೂಲೆಗಿಂತ ಎರಡು ಪಟ್ಟು ತುಕ್ಕು ಹಿಡಿದಿರುತ್ತವೆ. ಒಂದು ಗಾಡಿಯಲ್ಲಿ ಶಾಕಪ್ ಕೆಳಗಿನ ರಬ್ಬರ್ ಬುಷ್ ಪೂರ್ತಿ ಪುಡಿಯಾಗಿ, ಬೋಲ್ಟ್ ಸುತ್ತ ಬೆರಳು ಹೋಗುವಷ್ಟು ಜಾಗ ಆಗಿತ್ತು. ಹೊರಗಿಂದ ನೋಡಿದರೆ ಶಾಕಪ್ ಸರಿಯಾಗೇ ನೇತಾಡುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ನಿಮ್ಮ ಗಾಡಿಯಲ್ಲಿ ನೀರು ಬಲ ಹಿಂದಿನ ಮೂಲೆಯಿಂದ ಇಳಿಯುತ್ತದಾ? ಬಗ್ಗಿ ನೋಡಿ. ಶಾಕಪ್ ಮೈಮೇಲೆ ಎಣ್ಣೆ ಇಳಿದು ಅದಕ್ಕೆ ಧೂಳು ಮೆತ್ತಿದ್ದರೆ, ಬುಷ್ ಹರಿದಿದ್ದರೆ ಬದಲಿಸಿ, ಎರಡೂ ಬದಿ ಜೊತೆಯಾಗಿ ಬದಲಿಸಿ. ಕ್ರೇಟು ಇಳಿಸಿದ ದಿನವೇ ಕೆಳಗಡೆಗೆ ಸಿಹಿನೀರು ಹೊಡೆಯಿರಿ. ಮೇಲಿನ ತೊಟ್ಟಿ ತೊಳೆಯುವವರು ಕೆಳಗೆ ನೋಡುವುದೇ ಇಲ್ಲ.

ಅಲ್ಲೇ ಬಗ್ಗಿದಾಗ ಕಮಾನು ಪಟ್ಟಿಯ ಸೆಂಟರ್ ಬೋಲ್ಟನ್ನೂ ನೋಡಿ. ಅದು ತುಂಡಾದರೆ ಹಿಂದಿನ ಆಕ್ಸಲ್‌ನ ಒಂದು ಬದಿ ಜಾಗ ಬಿಟ್ಟು ಜರುಗುತ್ತದೆ. ಆಗ ಗಾಡಿ ನಾಯಿ ಓಡಿದ ಹಾಗೆ ಮೈ ಓರೆ ಮಾಡಿಕೊಂಡು ಓಡುತ್ತದೆ. ಎರಡೂ ಬದಿ ಹಿಂದಿನ ಚಕ್ರದ ನಡುವಿನಿಂದ ಕಮಾನು ಪಟ್ಟಿ ಮುಂದುಗಡೆ ಚಾಸಿಗೆ ಸೇರುವ ಪಿನ್ನಿಗೆ ಅಳೆಯಿರಿ. ಎರಡು ಅಳತೆ ಒಂದೇ ಇರಬೇಕು.

ಗಾಳಿ ವಿಷಯ ಬಾಕಿ ಇತ್ತು. ನೀವು ಒಂದು ಕಡೆ ಲೋಡ್, ಇನ್ನೊಂದು ಕಡೆ ಎಷ್ಟೋ ಸಲ ಖಾಲಿ ಓಡಿಸುತ್ತೀರಿ. ಲೋಡಿಗೆಂದು ಗಟ್ಟಿ ಗಾಳಿ ಹೊಡೆಸಿದ ಹಿಂದಿನ ಟೈರು, ಖಾಲಿ ಬರುವಾಗ ಪ್ರತಿ ಹೊಂಡಕ್ಕೂ ಪುಟಿಯುತ್ತದೆ. ಶಾಕಪ್ ಸತ್ತಿದ್ದರಂತೂ ಗುಳಿ ಬೀಳುವುದು ಇನ್ನೂ ಬೇಗ. ಬಾಗಿಲ ಪಕ್ಕದ ಪಟ್ಟಿಯಲ್ಲಿ ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಕಂಪನಿಯವರು ಬರೆದಿರುತ್ತಾರೆ. ಅದೇ ಅಂಕಿ ಹಿಡಿಯಿರಿ. ನಾಲ್ಕಾರು ದಿನ ಖಾಲಿ ಅಥವಾ ಹಗುರ ಓಡಾಟ ಇದೆ ಅಂದರೆ ಇಳಿಸಿಕೊಳ್ಳಿ, ಲೋಡ್ ಹಾಕುವ ಮೊದಲು ಮರೆಯದೆ ಏರಿಸಿ. ಕಡಿಮೆ ಗಾಳಿಯಲ್ಲಿ ಲೋಡ್ ಹೊತ್ತರೆ ಟೈರ್ ಬಿಸಿಯಾಗಿ ಸಿಡಿಯುವ ಅಪಾಯ ಇದೆ. ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು. ಘಟ್ಟ ಇಳಿದು ಕುಮಟಾದಲ್ಲಿ ಬಿಸಿ ಟೈರಿಗೆ ಗೇಜ್ ಇಟ್ಟರೆ ನಾಲ್ಕಾರು ಪಿಎಸ್‌ಐ ಜಾಸ್ತಿ ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಬಿಡಬೇಡಿ. ನೈಟ್ರೋಜನ್ ಹಾಕಿಸಿದರೆ ಸವೆತ ನಿಲ್ಲುತ್ತದಾ ಅಂತ ಕೆಲವರು ಕೇಳುತ್ತಾರೆ. ಸಾದಾ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಅಂಥ ವ್ಯತ್ಯಾಸ ಏನೂ ಆಗುವುದಿಲ್ಲ.

ಈಗ ಆ ಎಡ ಟೈರ್ ಏನು ಮಾಡುವುದು? ಜನ ಸಾಮಾನ್ಯವಾಗಿ ನಾಲ್ಕು ದಾರಿ ಹಿಡಿಯುತ್ತಾರೆ.

ಹಿಂದಕ್ಕೆ ಹಾಕುವುದು ಒಂದು. ಬೇಡ. ಲೋಡಿನ ಭಾರ ಹೊರುವುದೇ ಹಿಂದಿನ ಟೈರು. ಮಳೆಯಲ್ಲಿ ಗಾಡಿಯ ಹಿಂಬದಿ ಜಾರಿದರೆ ಸ್ಟೇರಿಂಗ್‌ನಿಂದ ಹಿಡಿಯುವುದು ಕಷ್ಟ.

ರಿಮ್ಮಿನ ಮೇಲೆ ಟೈರ್ ತಿರುಗಿಸಿ ಹಾಕುವುದು ಇನ್ನೊಂದು, ಸವೆದ ಅಂಚು ಒಳಗೆ ಹೋಗಲಿ ಅಂತ. ಬಾಣದ ಗುರುತಾಗಲಿ, 'ಹೊರಮೈ' ಅನ್ನುವ ಗುರುತಾಗಲಿ ಇಲ್ಲದ ಟೈರಿಗೆ, ಅಂಚಿನಲ್ಲಿ ಇನ್ನೂ ಒಳ್ಳೆಯ ಬಟನ್ ಇರುವಾಗ ಇದು ನಿಜವಾಗಿ ಉಪಯೋಗದ ಉಪಾಯ. ನಿಮ್ಮದು ಪೂರ್ತಿ ನುಣ್ಣಗಾಗಿದೆ ಅಂತ ಬರೆದಿದ್ದೀರಿ. ಸಮಯ ಮೀರಿದೆ.

ರೀಟ್ರೆಡ್ ಮಾಡಿಸುವುದು, ಅಂದರೆ ಸವೆದ ಮೈಮೇಲೆ ಹೊಸ ರಬ್ಬರ್ ಪಟ್ಟಿ ಕೂರಿಸುವುದು, ಮೂರನೆಯದು. ಒಳಗಿನ ನೂಲು ಗಟ್ಟಿ ಇದ್ದರೆ ಹಿಂದಿನ ಚಕ್ರಕ್ಕೆ ಆದೀತು. ಮುಂದಿನ ಚಕ್ರಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಘಟ್ಟದಲ್ಲಿ ಬ್ರೇಕಿನ ಬಿಸಿ ಹೆಚ್ಚಾಗಿ ಬರುವುದು ಅಲ್ಲಿಗೇ, ಪಟ್ಟಿ ಬಿಚ್ಚಿದರೆ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ನಾಲ್ಕನೆಯದನ್ನು ಮಾಡುತ್ತಿದ್ದೆ. ಮೊದಲು ಆಟ ನೋಡಿ ಸವೆದ ಕೀಲು ಬದಲು. ಹಿಂದೆ ಶಾಕಪ್. ಆಮೇಲೆ ಮುಂದಕ್ಕೆ ಎರಡು ಹೊಸ ಟೈರು, ಗಾಳಿ ಸರಿಯಾಗಿ ಹಾಕಿ, ಅದೇ ದಿನ ಮೂರೂ ಅಳತೆಯ ಅಲೈನ್‌ಮೆಂಟ್. ಹಳೆ ಟೈರಿನ ಮೇಲೆ ಅಲೈನ್‌ಮೆಂಟ್ ಮಾಡಿಸಿ ಹೊಸದು ಆಮೇಲೆ ಹಾಕುತ್ತೇನೆ ಅಂದರೆ ಒಂದು ಬದಿ ಸವೆದ ಟೈರೇ ಗಾಡಿಯನ್ನು ಎಳೆಯುತ್ತದೆ, ಸರಿಯಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಈಗಿರುವ ಬಲ ಟೈರ್ ಚೆನ್ನಾಗಿದೆ, ಅದನ್ನು ಹಿಂದಿನ ಬಲ ಚಕ್ರಕ್ಕೆ ಹಾಕಬಹುದು, ಅಳತೆ ಒಂದೇ ಇದ್ದು ಹಿಂದಿನ ಎಡ ಟೈರಿನ ಸವೆತಕ್ಕೆ ಹತ್ತಿರ ಇದ್ದರೆ ಮಾತ್ರ. ದುಡ್ಡು ಒಮ್ಮೆಗೇ ಹೊಂದದಿದ್ದರೆ ಆ ಬಲ ಟೈರನ್ನು ಮುಂದೆಯೇ ಬಿಟ್ಟು, ಎಡಕ್ಕೆ ಅದೇ ಮಾದರಿಯ ಒಂದು ಹೊಸದು ಹಾಕಿ. ಎರಡರ ಬಟನ್ ಎತ್ತರದಲ್ಲಿ ವ್ಯತ್ಯಾಸ ಇರುವುದರಿಂದ ಸ್ವಲ್ಪ ಎಳೆತ ಉಳಿಯಬಹುದು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಗಮನ ಇರಲಿ. ಆದರೆ ಕ್ಯಾಂಬರ್ ಮಾಡಿಸದೆ ಬರೀ ಟೈರ್ ಹಾಕುವ ದಾರಿ ಮಾತ್ರ ಹಿಡಿಯಬೇಡಿ, ಮತ್ತೆ 14,000ಕ್ಕೆ ನನಗೆ ಇದೇ ಪತ್ರ ಬರೆಯುತ್ತೀರಿ.

ಹೊಸ ಟೈರ್ ಹಾಕಿದ ಸಂಜೆಯೇ ಬಟನ್ ಆಳವನ್ನು ಒಳ ಅಂಚು, ನಡು, ಹೊರ ಅಂಚು ಮೂರು ಕಡೆ ಅಳೆದು ಬರೆದಿಡಿ. ಆಳ ಅಳೆಯುವ ಗೇಜ್ ಇಲ್ಲದಿದ್ದರೆ ಬೆಂಕಿಕಡ್ಡಿ ಇಳಿಸಿ, ಉಗುರಿನಿಂದ ಗುರುತು ಮಾಡಿ, ಸ್ಕೇಲಿಗೆ ಹಿಡಿದರೂ ಸಾಕು. 2,000 ಕಿಲೋಮೀಟರ್ ಆದಾಗ ಮತ್ತೆ ಅಳೆಯಿರಿ. ಎಡ ಹೊರ ಅಂಚು ಉಳಿದೆರಡಕ್ಕಿಂತ ಅರ್ಧ ಮಿಲಿಮೀಟರ್ ಜಾಸ್ತಿ ಇಳಿದಿದ್ದರೆ ತಡ ಮಾಡದೆ ಹೊಸ ಅಲೈನ್‌ಮೆಂಟಿನ ಚೀಟಿ ಹಿಡಿದುಕೊಂಡು ಅಲೈನ್‌ಮೆಂಟ್ ಮಾಡಿದವರ ಹತ್ತಿರ ವಾಪಸ್ ಹೋಗಿ, ನಕಲ್ ಬಿಚ್ಚಿ ನೋಡಲು ಹೇಳಿ.